ವಸಡಿನಡಿಗೆ ದಾರ ಕೂರಿಸುವ ಮುನ್ನ

ಸಹಕಾರನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ದಂತವೈದ್ಯಕೀಯ ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರವಾದರೆ ಪುಸ್ತಕ ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಈಚೆಗೆ ಒಂದು ಸಂಜೆ ವಸಡು ಸರಿಸುವ ವಿಧಾನಗಳ ಪಾಠ ತೆರೆದಳು. ದಾರ, ದಾರಕ್ಕೆ ಹಾಕುವ ಔಷಧಿಗಳು, ಲೇಪ, ವಿದ್ಯುತ್ತಿನ ಸೂಜಿ, ಲೇಸರ್, ಎಲ್ಲವನ್ನೂ ತಡವರಿಸದೆ ಹೇಳಿದಳು. ನನಗೆ ಸಂತೋಷವಾಯಿತು. ಕ್ಲಿನಿಕ್ಕಿನಲ್ಲಿ ಇದರಲ್ಲಿ ಯಾವುದನ್ನು ಬಳಸುತ್ತೀಯ ಎಂದು ಕೇಳಿದೆ.

"ಅಯ್ಯೋ ಆಂಟಿ, ಅದೆಲ್ಲ ವೈವಾಗೆ. ಕ್ಲಿನಿಕ್ಕಲ್ಲಿ ಯಾರಿಗೆ ಟೈಮಿದೆ? ಹಂಗೇ ಅಚ್ಚು ತೆಗ್ದು ಲ್ಯಾಬಿಗೆ ಕಳಿಸ್ತೀವಿ, ಅವ್ರು ಅಡ್ಜಸ್ಟ್ ಮಾಡ್ಕೋತಾರೆ."

"ಸರಿ, ದಾರ ಹಾಕ್ಬೇಕು ಅಂತಲೇ ಇಟ್ಕೋ. ಮೊದಲು ಪೇಷೆಂಟನ್ನ ಏನು ಕೇಳ್ತೀಯ?"

"ಬಿ.ಪಿ., ಹಾರ್ಟು, ಥೈರಾಯ್ಡು, ಶುಗರ್ರು. ಎಲ್ಲಾ ಗೊತ್ತು ಆಂಟಿ."

"ಎಲ್ಲಿ ಕೇಳ್ತೀಯ?"

"ಎಲ್ಲಿ ಅಂದ್ರೆ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳ ವಯಸ್ಸಿನಲ್ಲಿ ನನಗೂ ಅರ್ಥವಾಗುತ್ತಿರಲಿಲ್ಲ. ಆ ಸಂಜೆ ಬಾಯಲ್ಲಿ ಪೂರ್ತಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ದಂತವೈದ್ಯಕೀಯ ಓದಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಕಾಲೇಜಿನಲ್ಲಿ ಕುರ್ಚಿಗಳು ಸಾಲದಿದ್ದುದರಿಂದ ಕೊನೆಯ ವರ್ಷದವರನ್ನು ಸರದಿಯ ಮೇಲೆ ಯಶವಂತಪುರದ ಒಂದು ಧರ್ಮಾರ್ಥ ಚಿಕಿತ್ಸಾಲಯಕ್ಕೆ ಕಳಿಸುತ್ತಿದ್ದರು. ರೈಲು ನಿಲ್ದಾಣದಿಂದ ಮಾರ್ಕೆಟ್ಟಿನ ಕಡೆಗೆ ಬರುವ ರಸ್ತೆಯಲ್ಲಿ ಒಂದು ಹೆಂಚಿನ ಕಟ್ಟಡ. ಒಳಗೆ ಎರಡು ಕೋಣೆ, ಹೊರಗೆ ಉದ್ದನೆಯ ವರಾಂಡ, ವರಾಂಡದ ಉದ್ದಕ್ಕೂ ಒಂದು ಬೆಂಚು. ಕರೆಂಟು ಹೋದರೆ ಕಾಲಲ್ಲಿ ತುಳಿದು ಓಡಿಸುವ ಡ್ರಿಲ್ಲು. ಚಿಕಿತ್ಸಾಲಯದ ಹೊಣೆ ಹೊತ್ತಿದ್ದವರು ನಮ್ಮ ಪ್ರೊಫೆಸರ್ ಪದ್ಮನಾಭಯ್ಯನವರು. ನಮ್ಮ ತಂಡದಲ್ಲಿ ಹೆಣ್ಣು ನಾನೊಬ್ಬಳೇ. ಹೆಬ್ಬಾಳದ ನಮ್ಮ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ.

ನನ್ನ ಜೋಡಿ ಕೆಲಸಕ್ಕೆ ಹಾಕಿದ್ದು ರುಕ್ಮಾಂಗದನನ್ನು. ಓದಿನಲ್ಲಿ ಎಲ್ಲರಿಗಿಂತ ಮುಂದು, ಮಾತಿನಲ್ಲಿ ಇನ್ನೂ ಮುಂದು. ಬೆಂಚಿನ ಮೇಲೆ ಕುಳಿತವರ ಹೆಸರು, ವಯಸ್ಸು, ಕಾಯಿಲೆ ಕೇಳುವ ಕೆಲಸ ಅವನಿಗೆ ಬಹಳ ಇಷ್ಟ. ವರಾಂಡದ ಈ ತುದಿಯಿಂದ ಆ ತುದಿಯವರೆಗೆ ಕೇಳುವಂತೆ ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋಗುತ್ತಿದ್ದ.

"ಅಜ್ಜಿ, ನಿಮಗೆ ಎದೆನೋವು ಬರುತ್ತಾ?"

"ನಮ್ ಸೊಸೆ ಬಾಯ್ ಬುಟ್ಟಾಗೆಲ್ಲ ಬತ್ತೈತೆ ಕಣಪ್ಪ."

ಬೆಂಚಿಗೆ ಬೆಂಚೇ ನಗುತ್ತಿತ್ತು. ಒಳಗೆ ಕುರ್ಚಿಯ ಮೇಲಿದ್ದ ರೋಗಿಯೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಗುತ್ತಿದ್ದ. ಅದು ನಮ್ಮ ಪದ್ಧತಿ. ಅದರಲ್ಲಿ ತಪ್ಪಿದೆ ಎಂದು ಪದ್ಮನಾಭಯ್ಯನವರಿಗೂ ಅನ್ನಿಸಿರಲಿಲ್ಲ.

ವಸಡನ್ನು ಯಾಕೆ ಸರಿಸಬೇಕು ಎಂಬುದನ್ನು ಈ ವೃತ್ತಿಯವರಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಮುರಿದ ಹಲ್ಲಿಗೆ ಟೋಪಿ, ಅಂದರೆ ಕ್ರೌನ್, ಕೂರಿಸುವಾಗ ಟೋಪಿಯ ಅಂಚು ವಸಡಿನ ಒಳಗೆ, ಒಂದು ಕೂದಲಿನಷ್ಟು ಆಳದಲ್ಲಿ ಅಡಗಬೇಕು. ಅಚ್ಚು ತೆಗೆಯುವ ಪದಾರ್ಥ ಆ ಅಂಚಿನವರೆಗೂ ಇಳಿಯಬೇಕು. ಆದರೆ ವಸಡು ಹಲ್ಲನ್ನು ತಬ್ಬಿಕೊಂಡಿರುತ್ತದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸಿ, ಕೆಲಸ ಮುಗಿಸಿ, ಹರಿಯದಂತೆ ಬಿಟ್ಟುಕೊಡಬೇಕು. ಅಂಚು ಸಿಗದಿದ್ದರೆ ಟೋಪಿ ಅಲ್ಲಾಡುತ್ತದೆ, ಕೆಳಗೆ ಹುಳುಕು ಸೇರುತ್ತದೆ. ವಸಡು ಹರಿದರೆ ಅದು ಹಿಂದೆ ಸರಿದು, ಅಡಗಬೇಕಾದ ಅಂಚು ಊರಿಗೆಲ್ಲ ಕಾಣುತ್ತದೆ.

ನಾವು ಮೊದಲು ಕಲಿತದ್ದು ತಾಮ್ರದ ಬಳೆ. ಹಲ್ಲಿನ ಸುತ್ತಳತೆಗೆ ತಾಮ್ರದ ತೆಳು ಪಟ್ಟಿಯನ್ನು ಬಳೆಯ ಹಾಗೆ ಕತ್ತರಿಸಿ, ಅದರಲ್ಲಿ ಬಿಸಿಗೆ ಮೆತ್ತಗಾದ ಅಚ್ಚಿನ ಮೇಣ ತುಂಬಿ, ಹಲ್ಲಿನ ಮೇಲೆ ಒತ್ತುವುದು. ಬಳೆಯ ಅಂಚೇ ವಸಡನ್ನು ತಳ್ಳಿಕೊಂಡು ಒಳಗಿಳಿಯುತ್ತದೆ. ಕೈ ಪಳಗಿದವರಿಗೆ ಅದು ಅದ್ಭುತವಾದ ವಿಧಾನ. ನಮ್ಮಂಥವರ ಕೈಯಲ್ಲಿ ಅದು ಚಾಕು.

ಸತುವಿನ ಒಂದು ಸುಡುವಂಥ ದ್ರಾವಣವೂ ಆಗ ಬಳಕೆಯಲ್ಲಿತ್ತು. ಅದನ್ನು ಹಚ್ಚಿದರೆ ವಸಡು ಮುದುಡಿ ಹಿಂದೆ ಸರಿಯುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಇತ್ತು. ನಮ್ಮಲ್ಲೊಬ್ಬ ಅದನ್ನು ಬಳಸೋಣವೇ ಎಂದು ಕೇಳಿದಾಗ ಪದ್ಮನಾಭಯ್ಯನವರು ಕನ್ನಡಿಯ ಮುಂದೆ ನಿಂತು ತಮ್ಮದೇ ವಸಡಿಗೆ ಒಂದು ಹನಿ ಮುಟ್ಟಿಸಿಕೊಂಡರು. ವಾರವಿಡೀ ಗಂಜಿ ಕುಡಿದರು. ಅಲ್ಲಿ ಮೊದಲು ಬೆಳ್ಳಗಾದ, ಆಮೇಲೆ ಹುಣ್ಣಾದ, ಕೊನೆಗೆ ಮಾಗಿದ ಜಾಗವನ್ನು ದಿನವೂ ಬೆಳಿಗ್ಗೆ ತುಟಿ ಎತ್ತಿ ನಮಗೆ ತೋರಿಸಿದರು. ಅದಾದ ಮೇಲೆ ಆ ದ್ರಾವಣದ ಮಾತನ್ನು ಯಾರೂ ಎತ್ತಲಿಲ್ಲ.

ಉಳಿದದ್ದು ಪಟಿಕದ ದಾರ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಅದೇ ಪಟಿಕ. ಹತ್ತಿಯ ನೂಲನ್ನು ಹುರಿ ಮಾಡಿ, ಕುದಿಸಿ, ಪಟಿಕದ ನೀರಿನಲ್ಲಿ ನೆನೆಹಾಕಿ ಒಣಗಿಸುತ್ತಿದ್ದೆವು. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ವಸಡು ಪಕ್ಕಕ್ಕೆ ಸರಿಯುತ್ತದೆ. ಹುರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

"ನಿಮ್ಮದು ಹೂ ಕಟ್ಟೋ ಕೈ ಕಣ್ರೀ ಸರೋಜಾ, ನಮಗೆಲ್ಲ ಇದು ಬರಲ್ಲ," ಎಂದು ರುಕ್ಮಾಂಗದ ಹೇಳುತ್ತಿದ್ದ.

"ಹೂ ಕಟ್ಟೋಕೆ ಬರಲ್ಲ ನನಗೆ. ನೀವು ಮಾತು ಕಟ್ಟೋದು ಬಿಟ್ಟು ಈ ತುದಿ ಹಿಡ್ಕೊಳ್ಳಿ," ಎನ್ನುತ್ತಿದ್ದೆ.

ಪಟಿಕದ ದಾರ ನಿಧಾನ. ಅದು ವಸಡನ್ನು ಬೇಡಿಕೊಳ್ಳುತ್ತದೆ, ಗದರಿಸುವುದಿಲ್ಲ. ರಕ್ತ ಒಸರುತ್ತಿದ್ದರೆ ಎಷ್ಟೋ ಸಲ ಸೋಲುತ್ತದೆ. ನಾವು ತಾಳ್ಮೆಗೆಟ್ಟು ಬೈದುಕೊಳ್ಳುತ್ತಿದ್ದಾಗಲೇ ಆ ಬಾಟಲಿ ಬಂತು.

ಹೊರದೇಶದಿಂದ ಬಂದ ಕಂದು ಗಾಜಿನ ಸಣ್ಣ ಬಾಟಲಿ. ಒಳಗೆ ಅಡ್ರಿನಾಲಿನ್ನಿನಲ್ಲಿ ನೆನೆಸಿದ ದಾರ. ಪದ್ಮನಾಭಯ್ಯನವರು ಸಾಬೂನು ಕಾರ್ಖಾನೆಯ ಒಬ್ಬ ಗಟ್ಟಿಮುಟ್ಟಾದ ತರುಣನ ಹಲ್ಲಿನ ಮೇಲೆ ಅದನ್ನು ನಮಗೆ ತೋರಿಸಿಕೊಟ್ಟರು. ಚಪ್ಪಟೆ ತುದಿಯ ಸಣ್ಣ ಉಪಕರಣದಿಂದ ದಾರವನ್ನು ವಸಡಿನ ಸಂದಿಗೆ ತಳ್ಳುತ್ತ ಹಲ್ಲನ್ನು ಸುತ್ತಿ ಬಂದರು. ನಾವು ಬಗ್ಗಿ ನೋಡುತ್ತಿದ್ದೆವು. ಕೆಂಪಗಿದ್ದ ವಸಡು ನಮ್ಮ ಕಣ್ಣೆದುರೇ ಬೆಳ್ಳಗಾಯಿತು. ಒಸರುತ್ತಿದ್ದ ರಕ್ತ ಯಾರೋ ಹಿಂದಕ್ಕೆ ಕರೆದ ಹಾಗೆ ನಿಂತಿತು. ದಾರ ಎಳೆದಾಗ, ಹಾಲಿನ ಕೆನೆಯನ್ನು ಬೆರಳಿಂದ ಪಾತ್ರೆಯ ಅಂಚಿನಿಂದ ಸರಿಸಿದಂತೆ ವಸಡು ಸರಿದು ನಿಂತಿತ್ತು. ಅದರಡಿಯಲ್ಲಿ ಹಲ್ಲಿನ ಅಂಚು ಸುತ್ತಲೂ ಸ್ಪಷ್ಟವಾಗಿ, ಒದ್ದೆಯಿಲ್ಲದೆ, ಹೊಳೆಯುತ್ತಿತ್ತು. ಅಷ್ಟು ದಿನ ನಾವು ಊಹೆಯಿಂದ ಕೆಲಸ ಮಾಡುತ್ತಿದ್ದ ಜಾಗ ಅದು. ಸ್ವಲ್ಪ ಹೊತ್ತಿಗೆ ವಸಡು ತಾನಾಗಿ ಮರಳಿ ಬಂದು ಆ ಜಾಗವನ್ನು ಮುಚ್ಚಿತು. ಆ ಮರಳುವಿಕೆಯನ್ನು ನೋಡಿ ನನ್ನ ಮೈ ನವಿರೆದ್ದಿತು. ಇಷ್ಟು ವರ್ಷಗಳ ಮೇಲೂ ಪ್ರತಿ ಸಲವೂ ಏಳುತ್ತದೆ.

"ಈ ಔಷಧಿ ಮೈಯಲ್ಲಿ ಏನೇನು ಮಾಡುತ್ತೆ, ಹೇಳಯ್ಯ," ಎಂದರು ಪದ್ಮನಾಭಯ್ಯನವರು.

ರುಕ್ಮಾಂಗದ ಉಸಿರು ಬಿಡದೆ ಒಪ್ಪಿಸಿದ. ರಕ್ತನಾಳ ಕುಗ್ಗುತ್ತದೆ, ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಕೈಕಾಲು ನಡುಗಬಹುದು, ಹೃದ್ರೋಗಿಗಳಲ್ಲಿ ಬಳಸಬಾರದು. ಒಂದೂ ಬಿಡಲಿಲ್ಲ.

"ಭೇಷ್," ಎಂದರು. ನಮಗೆಲ್ಲರಿಗೂ ಗೊತ್ತಿತ್ತು ಎಂಬುದನ್ನು ಹೇಳಲು ಇದನ್ನು ಬರೆದೆ. ಅಲ್ಲಿಂದ ಮುಂದೆ ಪಟಿಕದ ದಾರ ಡಬ್ಬಿಯಲ್ಲೇ ಉಳಿಯಿತು.

ಪಿಳ್ಳಪ್ಪನವರು ಬಂದದ್ದು ಆ ದಿನಗಳಲ್ಲಿ. ಯಲಹಂಕದ ಹಳೆಯ ಊರಿನವರು, ನಲವತ್ತರ ಆಸುಪಾಸು, ತೆಳ್ಳಗಿನ ಆಳು. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಒಂದು ಮೆರವಣಿಗೆಯಲ್ಲಿ ಗಂಡಿನ ಕಡೆಯವನೊಬ್ಬ ಕುಣಿಯುತ್ತ ಬಂದು ವಾದ್ಯದ ತುದಿಗೆ ಡಿಕ್ಕಿ ಹೊಡೆದಿದ್ದ. ಬಾಯಲ್ಲಿದ್ದ ತುದಿ ಮೇಲಿನ ಮುಂಭಾಗದ ಹಲ್ಲನ್ನು ಓರೆಯಾಗಿ ಮುರಿದಿತ್ತು. ಅಂಗುಳಿನ ಕಡೆ ಬಿರುಕು ವಸಡಿನ ಒಳಗಿನವರೆಗೂ ಇಳಿದಿತ್ತು. ಅವರ ಜೊತೆ ಬ್ಯಾಂಡ್ ಮಾಸ್ಟರ್ ದೊರೆಸ್ವಾಮಿಯವರೂ ಬಂದಿದ್ದರು. ದಪ್ಪ ಮೀಸೆ, ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಜೋರು ಕನ್ನಡ.

"ಸಾರ್, ಇವ್ನ ಹಲ್ಲು ನನ್ನ ಬ್ಯಾಂಡಿನ ಹಲ್ಲು," ಎಂದರು ದೊರೆಸ್ವಾಮಿ. "ಕ್ಲಾರಿಯೊನೆಟ್ ತುದಿ ಕೂರೋದೇ ಆ ಹಲ್ಲಿನ ಮೇಲೆ. ವೈಶಾಖ ಬಂತು ಅಂದ್ರೆ ನಮ್ಗೆ ಸಾಲಾಗಿ ಮದ್ವೆ. ಅಷ್ಟರೊಳ್ಗೆ ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ. ಬೇಜಾರೇನೂ ಇಲ್ಲ, ಹೊಟ್ಟೆಪಾಡು."

ಬೇಜಾರಿಲ್ಲ ಎಂಬ ಮಾತು ಕೇಳಿ ಪಿಳ್ಳಪ್ಪನವರು ತಲೆ ತಗ್ಗಿಸಿದರು. ಹಲ್ಲು ಕಿತ್ತು ಕಟ್ಟುಹಲ್ಲು ಕೊಡುವುದು ಸುಲಭವಾಗಿತ್ತು. ಆದರೆ ಊದುವಾಗ ಕಟ್ಟುಹಲ್ಲು ಎದ್ದುಬರುತ್ತದೆ. ಬೇರು ಉಳಿಸಿ, ಅದರೊಳಗೆ ಲೋಹದ ಕಡ್ಡಿ ಕೂರಿಸಿ, ಮೇಲೆ ಟೋಪಿ ಹಾಕುವುದೊಂದೇ ದಾರಿ. ಆ ಟೋಪಿ ಅಂಚಿನವರೆಗೂ ಬಿಗಿಯಾಗಿ ಕೂರದಿದ್ದರೆ ಒಂದು ಮದುವೆಗೂ ತಡೆಯುವುದಿಲ್ಲ.

ರುಕ್ಮಾಂಗದ ಬೆಂಚಿನ ಮುಂದೆ ನಿಂತು ಎಂದಿನಂತೆ ಕೇಳಿದ. ಮೂರ್ಛೆ ಇದೆಯೇ, ಸಕ್ಕರೆ ಇದೆಯೇ, ಎದೆಯ ತೊಂದರೆ ಏನಾದರೂ ಇದೆಯೇ.

"ಏನೂ ಇಲ್ಲ ಸಾಮಿ," ಎಂದರು ಪಿಳ್ಳಪ್ಪ.

"ಎದೆನಾ? ಇವ್ನ ದಮ್ ನೋಡ್ಬೇಕು ಸಾರ್ ನೀವು," ಎಂದು ದೊರೆಸ್ವಾಮಿ ಅವರ ಬೆನ್ನಿಗೆ ಬಡಿದರು. "ಒಂದು ಸ್ವರ ಹಿಡಿದ್ರೆ ಮದ್ವೆ ಗಂಡಿನ ಕುದುರೆ ಒಂದು ಬೀದಿ ದಾಟಿರುತ್ತೆ." ಬೆಂಚು ನಕ್ಕಿತು.

ಕಡ್ಡಿ ಕೂರಿಸುವ ಕೆಲಸವೆಲ್ಲ ಸರಿಯಾಗಿ ನಡೆಯಿತು. ಅಚ್ಚು ತೆಗೆಯುವ ದಿನ ರುಕ್ಮಾಂಗದ ಮೊದಲು ತಾಮ್ರದ ಬಳೆ ಹಿಡಿದ. ಪರೀಕ್ಷೆಗೆ ಅದನ್ನೂ ಮಾಡಿ ತೋರಿಸಬೇಕಿತ್ತು. ಅಂಗುಳಿನ ಕಡೆಯ ಆಳದಲ್ಲಿ ಬಳೆ ಜಾರಿ ವಸಡನ್ನು ಕತ್ತರಿಸಿತು. ರಕ್ತ ನಿಲ್ಲಲಿಲ್ಲ. ಪಕ್ಕದ ಕೋಣೆಯಲ್ಲಿ ಬೇರೊಬ್ಬರ ಹಲ್ಲು ಕೀಳುತ್ತಿದ್ದ ಪದ್ಮನಾಭಯ್ಯನವರನ್ನು ಬಾಗಿಲಲ್ಲಿ ನಿಂತು ಕೇಳಿದ. "ಹೊಸ ದಾರ ಹಾಕು, ನಿಲ್ಲುತ್ತೆ," ಎಂದರು ಅವರು. ರುಕ್ಮಾಂಗದ ಅಡ್ರಿನಾಲಿನ್ನಿನ ದಾರ ಹಾಕಿದ. ಮೊದಲ ಸುತ್ತು ನೆನೆದುಹೋಯಿತು. ಅದರ ಮೇಲೆ ಇನ್ನೊಂದು ಸುತ್ತು ಹಾಕಿದ. ರಕ್ತ ನಿಂತಿತು, ವಸಡು ಬೆಳ್ಳಗಾಯಿತು. ಅವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಗಾಜಿನ ಹಲಗೆಯ ಮೇಲೆ ಅಚ್ಚಿನ ರಬ್ಬರು ಕಲೆಸಲು ಶುರು ಮಾಡಿದೆ. ಆ ಕಂದು ರಬ್ಬರೂ ಹೊಸದೇ, ಅದರ ಗಂಧಕದ ವಾಸನೆಗೆ ಊಟ ಸೇರುತ್ತಿರಲಿಲ್ಲ.

ಕಲೆಸುತ್ತ ತಲೆ ಎತ್ತಿದಾಗ ಪಿಳ್ಳಪ್ಪನವರ ಅಂಗಿಯ ಗುಂಡಿ ಕಣ್ಣಿಗೆ ಬಿತ್ತು. ಎದೆಯ ಎಡಭಾಗದಲ್ಲಿ, ಬಟ್ಟೆಯ ಮೇಲಿನ ಬಿಳಿಯ ಗುಂಡಿ ಅಲುಗುತ್ತಿತ್ತು. ಉಸಿರಿಗೆ ಏರಿಳಿಯುತ್ತಿರಲಿಲ್ಲ. ಒಳಗಿಂದ ಯಾರೋ ಕುಟ್ಟುತ್ತಿರುವ ಹಾಗೆ ಅದುರುತ್ತಿತ್ತು. ಒಂದು ಕ್ಷಣ ಅದೇನೆಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಅವರ ಮುಖ ನೋಡಿದೆ. ತುಟಿ ಬೂದಿಯ ಬಣ್ಣ. ಹಣೆಯ ಮೇಲೆ ಬೆವರು. ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು. ಕಣ್ಣು ತೆರೆದೇ ಇತ್ತು. ಆ ಕಣ್ಣು ನನ್ನನ್ನು ನೋಡುತ್ತಿತ್ತು.

"ಸಾರ್," ಎಂದೆ.

ಪದ್ಮನಾಭಯ್ಯನವರು ಬಂದ ರಭಸಕ್ಕೆ ತಟ್ಟೆ ಉರುಳಿತು. ದಾರದ ತುದಿ ಹಿಡಿದು ಎರಡೂ ಸುತ್ತನ್ನು ತೆಗೆದುಹಾಕಿದರು. ಬಾಯಿಗೆ ನೀರು ಬಿಟ್ಟು ತೊಳೆದರು. ಕುರ್ಚಿಯ ಬೆನ್ನನ್ನು ಎತ್ತಿ ಕೂರಿಸಿದರು. ಆಮೇಲೆ ತಾವು ಸ್ಟೂಲಿನ ಮೇಲೆ ಕುಳಿತು ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟರು. "ಏನೂ ಇಲ್ಲ, ಇಳಿಯುತ್ತೆ, ನಿಧಾನಕ್ಕೆ ಉಸಿರಾಡಿ," ಎನ್ನುತ್ತಿದ್ದರು. ದನಿ ಶಾಂತವಾಗಿತ್ತು. ಅವರ ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದನ್ನು ನಾನು ಕಂಡೆ. ರುಕ್ಮಾಂಗದ ಗೋಡೆಗೆ ಒರಗಿ ನಿಂತಿದ್ದ, ಕೈಯಲ್ಲಿ ಉಪಕರಣ ಹಾಗೇ ಇತ್ತು. ನನ್ನ ಹಲಗೆಯ ಮೇಲಿನ ರಬ್ಬರು ಯಾರ ಅಚ್ಚನ್ನೂ ತೆಗೆಯದೆ ಗಟ್ಟಿಯಾಯಿತು.

ಗುಂಡಿ ಅಲುಗುವುದು ನಿಲ್ಲುವವರೆಗೂ ನಾನು ಬೇರೆ ಕಡೆ ನೋಡಲಿಲ್ಲ.

ತುಟಿಗೆ ಬಣ್ಣ ಬಂದ ಮೇಲೆ ಪದ್ಮನಾಭಯ್ಯನವರು ಕೇಳಿದರು. "ಎದೆ ತೊಂದರೆ ಯಾವಾಗಿಂದ ಇದೆ ಪಿಳ್ಳಪ್ಪನವರೇ?"

ಪಿಳ್ಳಪ್ಪ ವರಾಂಡದ ಕಡೆಯ ಬಾಗಿಲನ್ನು ನೋಡಿದರು. ಪದ್ಮನಾಭಯ್ಯನವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕುಳಿತರು.

"ಚಿಕ್ಕೋನಿದ್ದಾಗ ಜ್ವರ ಬಂದು ಕೀಲೆಲ್ಲ ಊದ್ಕೊಂಡಿತ್ತು ಸಾಮಿ. ಆಮ್ಯಾಕೆ ದೊಡ್ಡಾಸ್ಪತ್ರೇಲಿ ನೋಡಿ, ಗುಂಡಿಗೇಲಿ ಒಂದು ಬಾಗ್ಲು ಸರ್ಯಾಗಿ ಮುಚ್ಚಲ್ಲ, ಊದೋ ಕೆಲ್ಸ ಬುಟ್ಬುಡು ಅಂದ್ರು. ಊದ್ದಿದ್ರೆ ನಾನು ಇನ್ನೇನ್ ಮಾಡ್ಲಿ? ಬ್ಯಾರೆ ಏನೂ ಬರಲ್ಲ ನಂಗೆ."

"ನಮಗೆ ಹೇಳಬಹುದಿತ್ತಲ್ಲ?"

"ಬೆಂಚ್ ಮ್ಯಾಲೆ ಕೇಳುದ್ರಿ. ಮಾಸ್ಟ್ರು ಪಕ್ದಾಗೇ ಕುಂತಿದ್ರು. ಏನಂತ ಏಳ್ಲಿ ಸಾಮಿ?"

ಅವರು ದೂರಿದ ದನಿಯಲ್ಲಿ ಹೇಳಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದರು. ರುಕ್ಮಾಂಗದ ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟ.

ಪದ್ಮನಾಭಯ್ಯನವರು ಬಾಗಿಲು ತೆರೆದು ಹೊರಗೆ ಹೋದರು. ಏನು ಹೇಳುತ್ತಾರೋ ಎಂದು ಪಿಳ್ಳಪ್ಪನವರೂ ನಾವಿಬ್ಬರೂ ಕಿವಿಗೊಟ್ಟೆವು. ಒಂದು ಮಾತಿನಲ್ಲಿ ಅವರ ಕೆಲಸ ಹೋಗಬಹುದಿತ್ತು.

"ಆಯ್ತಾ ಸಾರ್?" ದೊರೆಸ್ವಾಮಿಯವರ ದನಿ.

"ಆಗಲಿಲ್ಲ. ನಮ್ಮ ಔಷಧಿ ಅವರಿಗೆ ಒಗ್ಗಲಿಲ್ಲ. ವಸಡು ಮಾಗಿದ ಮೇಲೆ ಮತ್ತೆ ಬರಬೇಕು."

"ಔಷಧಿ ಒಗ್ಗಲಿಲ್ವಾ, ನಿಮ್ಮ ಹುಡುಗರ ಕೈ ಒಗ್ಗಲಿಲ್ವಾ?"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು.

"ಎರಡೂ ಅಲ್ಲ ಅಂತ ಹೇಳಕ್ಕಾಗಲ್ಲ," ಎಂದರು ಪದ್ಮನಾಭಯ್ಯನವರು. "ಹಾಕು ಅಂತ ಹೇಳಿದವನು ನಾನು. ತಪ್ಪು ನನ್ನದು."

ಊರಿನಲ್ಲಿ ಹೆಸರಿದ್ದ ವೈದ್ಯರು, ಹೊರದೇಶದಲ್ಲಿ ಓದಿ ಬಂದವರು, ಮಾರ್ಕೆಟ್ಟಿನ ಜನ ತುಂಬಿದ ವರಾಂಡದಲ್ಲಿ ನಿಂತು ಅದನ್ನು ಹೇಳಿದರು. ಹೃದಯದ ಮಾತು ಒಂದಕ್ಷರ ಬರಲಿಲ್ಲ. ಪಿಳ್ಳಪ್ಪನವರು ಕಣ್ಣು ಮುಚ್ಚಿಕೊಂಡರು. ವೃತ್ತಿಯಲ್ಲಿ ನಾನು ಕಂಡ ದೊಡ್ಡ ಸಂಗತಿಗಳಲ್ಲಿ ಅದನ್ನೇ ಮೊದಲು ಎಣಿಸುತ್ತೇನೆ.

ಒಳಗೆ ಬಂದು ಅವರು ಪಿಳ್ಳಪ್ಪನವರಿಗೆ ಎರಡು ಮಾತು ಹೇಳಿದರು. ಹೃದಯದ ವೈದ್ಯರ ಬಳಿ ತಾವೇ ಕರೆದುಕೊಂಡು ಹೋಗುತ್ತೇನೆ ಎಂಬುದು ಒಂದು. ದೊರೆಸ್ವಾಮಿಗೆ ಹೇಳುವುದು ಬಿಡುವುದು ನಿಮ್ಮ ಬಾಯಿಗೆ ಸೇರಿದ್ದು, ನಮ್ಮ ಬಾಯಿಗಲ್ಲ ಎಂಬುದು ಇನ್ನೊಂದು.

ನಮಗೆ ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಹರಿದ ವಸಡಿನಿಂದ ಔಷಧಿ ನೇರವಾಗಿ ರಕ್ತಕ್ಕೆ ಸೇರಿತು, ಎರಡು ಸುತ್ತು ಹಾಕಿದ್ದರಿಂದ ಇನ್ನೂ ಹೆಚ್ಚು ಸೇರಿತು ಎಂದು ಮಾತ್ರ ವಿವರಿಸಿದರು. ಮರುದಿನ ಬೆಂಚಿನ ಮುಂದೆ ನಿಂತು ಕಾಯಿಲೆ ಕೇಳುವುದನ್ನು ನಿಲ್ಲಿಸಿದರು. ಹೆಸರು ವಯಸ್ಸು ಹೊರಗೆ, ಉಳಿದದ್ದು ಒಳಗೆ, ಬಾಗಿಲು ಮುಚ್ಚಿ, ರೋಗಿಯ ಎದುರು ಸ್ಟೂಲಿನ ಮೇಲೆ ಕುಳಿತು, ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು. ಬೆರಳು ಇಟ್ಟಿದ್ದಾಗ ಸುಳ್ಳು ಹೇಳುವುದು ಕಷ್ಟ ಎಂಬುದು ಅವರ ನಂಬಿಕೆ. ಆ ಬೆರಳಿಗೆ ಕೆಲವೊಮ್ಮೆ ಬಾಯಿ ಹೇಳದ್ದೂ ತಿಳಿಯುತ್ತದೆ ಎಂಬುದು ನನ್ನ ಅನುಭವ.

ಹೃದಯದ ವೈದ್ಯರು ಪಿಳ್ಳಪ್ಪನವರನ್ನು ಪರೀಕ್ಷಿಸಿ ಹೇಳಿದ್ದು ಇಷ್ಟು. ಹಲ್ಲಿನ ಕೆಲಸ ಮಾಡಬಹುದು, ಬಾಯಿಯ ಸೋಂಕು ಹೃದಯಕ್ಕೆ ಇಳಿಯದಂತೆ ಮೊದಲು ಪೆನಿಸಿಲಿನ್ ಇಂಜೆಕ್ಷನ್ ಕೊಡಬೇಕು, ಅಡ್ರಿನಾಲಿನ್ ಹತ್ತಿರಕ್ಕೂ ಸುಳಿಯಬಾರದು. ಕುಳಿತು ಹಿತಮಿತವಾಗಿ ನುಡಿಸಬಹುದು. ಮೆರವಣಿಗೆಯಲ್ಲಿ ನಡೆಯುತ್ತ ಊದುವುದು ಪೂರ್ತಿ ನಿಲ್ಲಬೇಕು.

ಅವರು ಮತ್ತೆ ಕುರ್ಚಿಗೆ ಬಂದಾಗ ನಾನು ಕನ್ನಡಿ ಹಿಡಿದು ನೋಡಿದೆ. ನಾವು ಕತ್ತರಿಸಿದ್ದ ಜಾಗದಲ್ಲಿ ವಸಡು ಕೂಡಿಕೊಂಡಿತ್ತು. ಗುರುತು ಹುಡುಕಬೇಕಾಗಿತ್ತು.

"ಸರೋಜಾ, ನೀನು ದಾರ ಹಾಕಮ್ಮ, ಪಟಿಕದ್ದು," ಎಂದರು ಪದ್ಮನಾಭಯ್ಯನವರು. "ರುಕ್ಮಾಂಗದ, ನೀನು ಇಲ್ಲಿ ಕೂತು ನಾಡಿ ಹಿಡಿ. ನಾನು ಬಿಡು ಅನ್ನೋವರೆಗೂ ಬಿಡಬೇಡ."

ಅಂದಿನ ಕೆಲಸವನ್ನು ವಿವರವಾಗಿ ಬರೆಯುತ್ತೇನೆ, ಈಗಿನವರಿಗೆ ಬೇಕಾದದ್ದು ಅದೇ. ದಾರವನ್ನು ಹಲ್ಲು ಹಲ್ಲಿನ ನಡುವಿನ ಸಂದಿಯಿಂದ ಶುರು ಮಾಡಬೇಕು, ಅಲ್ಲಿ ವಸಡಿಗೆ ಜಾಗವಿರುತ್ತದೆ. ಉಪಕರಣದ ತುದಿ ಯಾವಾಗಲೂ ಆಗಲೇ ಒಳಗೆ ಹೋದ ದಾರದ ಕಡೆಗೆ ಓರೆಯಾಗಿರಬೇಕು. ಮುಂದಕ್ಕೆ ಓರೆಯಾದರೆ ಹಿಂದಿನದು ಎದ್ದುಬರುತ್ತದೆ. ಒತ್ತಬಾರದು. ದಾರವನ್ನು ಸಂದಿಯ ಮೇಲಿಟ್ಟು, ವಸಡು ಸ್ವಲ್ಪ ಬಿಟ್ಟುಕೊಡುವವರೆಗೆ ಕಾಯಬೇಕು, ಆಮೇಲೆ ಒಂದು ಚೂರು ಮುಂದೆ. ಅಂಗುಳಿನ ಕಡೆಯ ಆಳಕ್ಕೆ ಬಂದಾಗ ಇನ್ನೂ ಹೆಚ್ಚು ಹೊತ್ತು ಕಾದೆ. ಹೊರಗೆ ಗೂಡ್ಸ್ ಗಾಡಿಯೊಂದು ಶಂಟಿಂಗ್ ಮಾಡುತ್ತ ಕೂಗುತ್ತಿತ್ತು. ನಾನು ನಡುನಡುವೆ ಆ ಗುಂಡಿಯನ್ನು ನೋಡುತ್ತಿದ್ದೆ. ಪದ್ಮನಾಭಯ್ಯನವರು ರುಕ್ಮಾಂಗದನ ಮುಖ ನೋಡುತ್ತಿದ್ದರು. ರುಕ್ಮಾಂಗದ ಏನನ್ನೂ ನೋಡುತ್ತಿರಲಿಲ್ಲ. ಅವನ ಪ್ರಾಣವೆಲ್ಲ ಎರಡು ಬೆರಳಿನ ತುದಿಯಲ್ಲಿತ್ತು.

"ಸಮವಾಗಿದೆ ಸಾರ್," ಎಂದು ಪಿಸುಗುಟ್ಟಿದ.

ದಾರವನ್ನು ತೆಗೆಯುವ ಮುಂಚೆ ಒಂದು ಹನಿ ನೀರಿನಿಂದ ಒದ್ದೆ ಮಾಡಿದೆ. ಒಣಗಿದ ದಾರ ಒಳಗಿನ ಪೊರೆಯನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಮೆಲ್ಲಗೆ ಎಳೆದೆ. ವಸಡು ಬಣ್ಣ ಬದಲಿಸಿರಲಿಲ್ಲ, ಗುಲಾಬಿಯಾಗಿಯೇ ಇತ್ತು. ಸುಮ್ಮನೆ, ಬದಿಗೆ ಸರಿದು ನಿಂತು ದಾರಿ ಬಿಟ್ಟಿತ್ತು. ಆಳದ ಆ ಮುರಿದ ಅಂಚು ಸುತ್ತಲೂ ಕಾಣುತ್ತಿತ್ತು. ರಕ್ತದ ಚುಕ್ಕೆ ಇರಲಿಲ್ಲ. ಅಡ್ರಿನಾಲಿನ್ ತೋರಿಸಿದ ಬೆರಗಿಗಿಂತ ಇದು ದೊಡ್ಡದೆಂದು ನನಗನ್ನಿಸಿತು. ಅಲ್ಲಿ ವಸಡನ್ನು ಸುಮ್ಮನಾಗಿಸಿದ್ದೆವು, ಇಲ್ಲಿ ಅದು ಒಪ್ಪಿಕೊಂಡಿತ್ತು. ರಬ್ಬರು ತುಂಬಿ, ಕಾದು, ತೆಗೆದ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚು ಎಲ್ಲೂ ಕಡಿಯದೆ ಒಂದು ಸುತ್ತು ಬಂದಿತ್ತು. ಪದ್ಮನಾಭಯ್ಯನವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಬಿಡಯ್ಯ ಈಗ," ಎಂದರು. ರುಕ್ಮಾಂಗದ ಬೆರಳು ತೆಗೆದ. ಮಣಿಕಟ್ಟಿನ ಮೇಲೆ ಎರಡು ಬಿಳಿಯ ಗುರುತು ಉಳಿದಿತ್ತು.

ಟೋಪಿ ಕೂರಿಸಿದ ದಿನ ಪಿಳ್ಳಪ್ಪನವರು ಕ್ಲಾರಿಯೊನೆಟ್ ತಂದಿದ್ದರು. ಕುರ್ಚಿಯಲ್ಲೇ ಕುಳಿತು ತುದಿಯನ್ನು ಹಲ್ಲಿಗೆ ಒತ್ತಿ ನೋಡಿದರು. ಆಮೇಲೆ ಹೆಚ್ಚು ಊದದೆ, ಮೆಲುದನಿಯಲ್ಲಿ, ಹೆಣ್ಣನ್ನು ಹಸೆಗೆ ಕರೆಯುವಾಗಿನ ಹಾಡನ್ನು ಒಂದಿಷ್ಟು ನುಡಿಸಿದರು. ವರಾಂಡದ ಬೆಂಚು ಸದ್ದಿಲ್ಲದೆ ಕೇಳಿತು. ನುಡಿಸಿ ಮುಗಿಸಿ, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತರು. ಎದ್ದು ತಾವೇ ಹೊರಗೆ, ಬೆಂಚಿನ ಮೇಲೆ ಕಾಯುತ್ತಿದ್ದ ದೊರೆಸ್ವಾಮಿಯವರ ಬಳಿಗೆ ಹೋದರು.

"ಮಾಸ್ಟ್ರೇ, ಒಂದ್ ಮಾತು. ನಂಗೆ ಎದೆ ಸರ್ಯಾಗಿಲ್ಲ. ಚಿಕ್ಕಂದ್ನಿಂದ್ಲೂ ಇಂಗೇ. ನಡ್ಕೊಂಡು ಊದಕ್ಕೆ ಆಗಾಕಿಲ್ಲ ಇನ್ನ."

ದೊರೆಸ್ವಾಮಿಯವರು ಬೆಂಚಿನಿಂದ ಎದ್ದ ಸದ್ದು ನಮಗೆ ಒಳಗೆ ಕೇಳಿತು.

"ಹೋದ ವರ್ಷ ದೊಡ್ಡಬಳ್ಳಾಪುರದ ಮೆರವಣಿಗೇಲಿ ನಿನ್ನ ಓಡಿಸ್ಕೊಂಡು ಹೋದ್ನಲ್ಲೋ," ಎಂದರು. "ಬಾಯ್ ಬಿಟ್ಟು ಹೇಳಿದ್ರೆ ಏನಾಗ್ತಿತ್ತು? ಸತ್ತಿದ್ರೆ ನಿನ್ನ ಹೆಂಡ್ತಿ ಬಂದು ನನ್ನ ಮೀಸೆ ಕಿತ್ಕೋತಿದ್ಲು." ಆಮೇಲೆ ದನಿ ಇಳಿಸಿದರು. "ಚಪ್ಪರದಲ್ಲಿ ಕೂತು ನುಡ್ಸು. ಬೀದೀಲಿ ನಡಿಯೋಕೆ ಯಾರಾದ್ರೂ ಸಿಕ್ತಾನೆ. ಸಂಬಳ ಕಮ್ಮಿ, ಈಗ್ಲೇ ಹೇಳಿದೀನಿ."

"ಆಗ್ಲಿ ಮಾಸ್ಟ್ರೇ."

ಮುಂದಿನ ವರ್ಷದ ಆಷಾಢದಲ್ಲಿ, ಮದುವೆಗಳಿಲ್ಲದ ತಿಂಗಳಲ್ಲಿ, ಪಿಳ್ಳಪ್ಪನವರು ಹಲ್ಲು ತೋರಿಸಲು ಬಂದರು. ಅಷ್ಟರಲ್ಲಿ ನಾನೂ ರುಕ್ಮಾಂಗದನೂ ಪಾಸಾಗಿ ಅಲ್ಲೇ ಸಹಾಯಕರಾಗಿದ್ದೆವು. ಹೊಸ ತಂಡದ ವಿದ್ಯಾರ್ಥಿಗಳು ಕುರ್ಚಿಯ ಸುತ್ತ ನಿಂತಿದ್ದರು. ಪದ್ಮನಾಭಯ್ಯನವರು ಏನನ್ನೂ ವಿವರಿಸದೆ, ಇವರ ಬಾಯಲ್ಲಿ ಟೋಪಿ ಹಾಕಿದ ಹಲ್ಲು ಯಾವುದು, ವಸಡು ನೋಡಿ ಹೇಳಿ ಎಂದರು.

ಒಬ್ಬೊಬ್ಬರೇ ಬಗ್ಗಿ ನೋಡಿದರು. ಒಬ್ಬ ಎಡಗಡೆಯದು ಎಂದ, ಇನ್ನೊಬ್ಬ ಕೋರೆಹಲ್ಲು ಎಂದ. ಬಹಳ ಧೈರ್ಯದವನೊಬ್ಬ ಉಪಕರಣದ ತುದಿಯಿಂದ ಮುಟ್ಟಿ ತೋರಿಸಿದ.

"ಅದು ನಮ್ಮವ್ವ ಕೊಟ್ಟಿದ್ದು ಮಗಾ," ಎಂದರು ಪಿಳ್ಳಪ್ಪ, ಬಾಯಲ್ಲಿದ್ದ ಕನ್ನಡಿಯನ್ನು ಸರಿಸಿ. "ಪಕ್ದಾಗಿರೋದು ಇವ್ರು ಕೊಟ್ಟಿದ್ದು."

ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ನಾನೂ ಬಗ್ಗಿದೆ. ವಸಡು ಕಿತ್ತಳೆ ಸಿಪ್ಪೆಯಂಥ ಸಣ್ಣ ಚುಕ್ಕೆಗಳೊಂದಿಗೆ ಗಟ್ಟಿಯಾಗಿ ಟೋಪಿಯ ಅಂಚನ್ನು ತಬ್ಬಿಕೊಂಡಿತ್ತು. ನಾವು ಕತ್ತರಿಸಿದ್ದು, ಬೆಳ್ಳಗೆ ಮಾಡಿದ್ದು, ಬೇಡಿಕೊಂಡು ಸರಿಸಿದ್ದು, ಯಾವುದರ ಗುರುತೂ ಇರಲಿಲ್ಲ. ದಾರ ಕೂರಿಸಿದ ನಾನೇ ಆ ಅಂಚನ್ನು ಹುಡುಕಬೇಕಾಯಿತು.

ತಲೆ ಎತ್ತಿದಾಗ ಕುರ್ಚಿಯ ಹಿಂದೆ ನಿಂತಿದ್ದ ರುಕ್ಮಾಂಗದ ಕಣ್ಣಿಗೆ ಬಿದ್ದ. ಅವನು ನಗುತ್ತಿರಲಿಲ್ಲ. ಯಾವಾಗ ಹಿಡಿದಿದ್ದನೋ, ಅವನ ಎರಡು ಬೆರಳು ಪಿಳ್ಳಪ್ಪನವರ ಮಣಿಕಟ್ಟಿನ ಮೇಲಿದ್ದವು.

"ಇವತ್ತು ದಾರ ಇಲ್ವಲ್ಲ ಸಾಮಿ, ಕೈ ಬುಡಿ," ಎಂದರು ಪಿಳ್ಳಪ್ಪ.

"ಇರಲಿ ಪಿಳ್ಳಪ್ಪನವರೇ," ಎಂದ ರುಕ್ಮಾಂಗದ. ಅವರು ಕುರ್ಚಿಯಿಂದ ಇಳಿಯುವವರೆಗೂ ಬಿಡಲಿಲ್ಲ.